ರೊಟ್ಟಿ ಬಡಿದ ಕೈಗೆ ಟೋರ್ಟಿಯಾ: ಮೆಕ್ಸಿಕೊದಲ್ಲಿ ಬೀದಿ ಅಡುಗೆ ಕಲಿಯಲು ಹೊರಟವರಿಗೆ

ಮೆಕ್ಸಿಕೊ ನಗರದಲ್ಲಿಯೂ ದಕ್ಷಿಣದ ವಹಾಕಾ ಪಟ್ಟಣದಲ್ಲಿಯೂ ಪ್ರವಾಸಿಗರಿಗೆ ಅಡುಗೆ ಕಲಿಸುವ ಮನೆಗಳು ಬೇಕಾದಷ್ಟಿವೆ. ಅವುಗಳಲ್ಲಿ ಯಾವುದಕ್ಕೆ ಹೋಗಬೇಕೆಂದು ಮುಂಬಯಿಯ ಮಾಟುಂಗಾದ ನಮ್ಮ ಕನ್ನಡ ಬಳಗದಲ್ಲಿ ಯಾರಾದರೂ ವಿಚಾರಿಸಿದಾಗ ನಾನು ಕೇಳುವ ಮರುಪ್ರಶ್ನೆ ಒಂದೇ: ಅಲ್ಲಿ ಹಿಟ್ಟು ಪೊಟ್ಟಣದಿಂದ ಬರುತ್ತದೆಯೋ, ಕಾಳಿನಿಂದ ಬರುತ್ತದೆಯೋ? ಟಾಕೊ, ತ್ಲಾಕೋಯೊ, ಸೋಪೆ, ಕೆಸದೀಯಾ, ಟಮಾಲ್ ಎಂದು ಬೀದಿಯಲ್ಲಿ ಹೆಸರು ಹತ್ತಾರಿದ್ದರೂ ಅವೆಲ್ಲಕ್ಕೂ ಬುನಾದಿ ಸುಣ್ಣದ ನೀರಿನಲ್ಲಿ ಬೆಂದ ಮೆಕ್ಕೆಜೋಳದ ಹಸಿ ಹಿಟ್ಟು. ಅದಕ್ಕೆ ಅಲ್ಲಿಯವರು ಮಾಸಾ ಎನ್ನುತ್ತಾರೆ, ಅದರಿಂದ ಮಾಡುವ ತೆಳುರೊಟ್ಟಿಗೆ ಟೋರ್ಟಿಯಾ. ಮಾಸಾದ ಹದ ಕೈಗೆ ಬಂದರೆ ಉಳಿದದ್ದನ್ನು ಊರಿಗೆ ಮರಳಿದ ಮೇಲೆ ಓದಿಕೊಂಡೂ ಮಾಡಬಹುದು. ಹದ ಬಾರದಿದ್ದರೆ ಹತ್ತು ತಿಂಡಿ ಕಲಿತು ಬಂದರೂ ಮುಂಬಯಿಯ ಅಡುಗೆಮನೆಯಲ್ಲಿ ಒಂದೂ ನಿಲ್ಲುವುದಿಲ್ಲ.

ಈ ಹದದ ಹಿಂದಿನ ಕೆಲಸಕ್ಕೆ ನಿಕ್ಸ್ತಮಾಲ್ ಮಾಡುವುದು ಎಂದು ಹೆಸರು. ಒಣಗಿದ ಕಾಳನ್ನು ಸುಣ್ಣ ಕದಡಿದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದೇ ನೀರಿನಲ್ಲಿ ಬಿಟ್ಟು, ಬೆಳಿಗ್ಗೆ ತೊಳೆದು ಅರೆಯುತ್ತಾರೆ. ಸುಣ್ಣವು ಕಾಳಿನ ಸಿಪ್ಪೆಯನ್ನು ಸಡಿಲಿಸುತ್ತದೆ, ಹಿಟ್ಟಿಗೆ ಅಂಟುಗುಣ ಕೊಡುತ್ತದೆ, ಜೊತೆಗೆ ಕಾಳಿನಲ್ಲಿ ಬಂಧಿಯಾಗಿರುವ ನಯಾಸಿನ್ ಎಂಬ ಜೀವಸತ್ವವನ್ನು ದೇಹಕ್ಕೆ ದಕ್ಕುವಂತೆ ಬಿಡಿಸುತ್ತದೆ. ಮೆಕ್ಕೆಜೋಳ ಯುರೋಪಿಗೆ ಹೋದಾಗ ಸುಣ್ಣದ ಪದ್ಧತಿ ಅದರ ಜೊತೆಗೆ ಹೋಗಲಿಲ್ಲ. ಹಾಗಾಗಿ ಆ ಕಾಳೊಂದನ್ನೇ ನಂಬಿದ್ದ ಉತ್ತರ ಇಟಲಿಯ ಬಡವರನ್ನು ನಯಾಸಿನ್ ಕೊರತೆಯಿಂದ ಬರುವ ಪೆಲ್ಲಾಗ್ರ ರೋಗ ಕಾಡಿತು. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ವಿಧಾನವನ್ನೂ ಅರೆಯುವ ಕಲ್ಲುಗಳನ್ನೂ ಹೆಸರಿಸಿಯೇ ಹೇಳಿತ್ತು.

ಆದ್ದರಿಂದ ಹಣ ಕಟ್ಟುವ ಮೊದಲೇ ಬರೆದು ಕೇಳಬೇಕು. ಒಂದು ಬೆಳಗಿನ ತರಗತಿಯಲ್ಲಿ ಕಾಳು ಬೇಯಿಸಿ ನೆನೆಸುವಷ್ಟು ಹೊತ್ತು ಇರುವುದಿಲ್ಲ, ನಿಜ. ಆದರೆ ಹಿಂದಿನ ರಾತ್ರಿ ನೆನೆಸಿಟ್ಟ ಕಾಳನ್ನು ನಿಮ್ಮ ಕೈಯಿಂದಲೇ ಉಜ್ಜಿ ತೊಳೆಸಿ, ಓಣಿಯ ಗಿರಣಿಗೆ ಕರೆದೊಯ್ದು ಅರೆಸಿಕೊಂಡು ಬರುವ ಮನೆಗಳಿವೆ, ಅಂಥದನ್ನೇ ಹುಡುಕಬೇಕು. ಪೊಟ್ಟಣದ ಹಿಟ್ಟು ಕೀಳೆಂದು ಇದರ ಅರ್ಥವಲ್ಲ. 1949ರಲ್ಲಿ ಆರಂಭವಾದ ಗ್ರೂಮಾ ಕಂಪನಿಯ ಮಾಸೇಕಾ ಹಿಟ್ಟನ್ನು ಮೆಕ್ಸಿಕೊದ ಎಷ್ಟೋ ಮನೆಗಳಲ್ಲಿ ಬಳಸುತ್ತಾರೆ. ಆದರೆ ಹಿಟ್ಟಿಗೆ ನೀರು ಬೆರೆಸುವುದನ್ನು ಕಲಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಎರಡನೆಯದಾಗಿ, ಎಷ್ಟು ಜನಕ್ಕೆ ಎಷ್ಟು ಹಂಚು ಎಂದು ಕೇಳಿ. ನಾನು ಮೊದಲ ಸಲ ಸೇರಿದ್ದ ಒಂದು ತರಗತಿಯಲ್ಲಿ (ಹೆಸರು ಬೇಡ) ಹನ್ನೆರಡು ಜನರಿಗೆ ಒಂದೇ ಹಂಚಿತ್ತು. ಕಲಸಿದ ಹಿಟ್ಟು ಬಟ್ಟೆಯಡಿ ಸಿದ್ಧವಾಗಿ ಕುಳಿತಿತ್ತು. ನನ್ನ ಪಾಲಿಗೆ ಬಂದದ್ದು ಕೊತ್ತಂಬರಿ ಹೆಚ್ಚುವ ಕೆಲಸ. ಊಟ ಚೆನ್ನಾಗಿತ್ತು, ಕಲಿತದ್ದು ಸೊನ್ನೆ. ಮೂರನೆಯದಾಗಿ, ಟಾಕೊ ಅಲ್ ಪಾಸ್ತೋರ್ (ಕಂಬಿಯಲ್ಲಿ ಸುಟ್ಟ ಹಂದಿಮಾಂಸದ ಟಾಕೊ) ಕಲಿಸುತ್ತೇವೆ ಎಂದು ಮುಂದೆ ಬರುವವರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಲೆಬನಾನಿನಿಂದ ವಲಸೆ ಬಂದವರ ಶವರ್ಮಾದಿಂದ ಹುಟ್ಟಿದ ಆ ಟಾಕೊಗೆ ನೆಟ್ಟಗೆ ನಿಂತು ತಿರುಗುವ ಕಂಬಿಯೂ ಪಕ್ಕದಲ್ಲಿ ಉರಿಯುವ ಬೆಂಕಿಯೂ ಬೇಕು. ಅದನ್ನು ರಾತ್ರಿ ಬೀದಿಯಲ್ಲಿ ನಿಂತು ತಿನ್ನುವುದೇ ಸರಿ, ಮನೆಯ ಬಾಣಲೆಯಲ್ಲಿ ಕಲಿಯುವುದಲ್ಲ.

ಸಸ್ಯಾಹಾರಿಗಳು ಇನ್ನೊಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ಅಲ್ಲಿ ‘ಕಾರ್ನೆ’ ಬೇಡ ಎಂದರೆ ದನದ ಅಥವಾ ಹಂದಿಯ ಮಾಂಸ ಬೇಡ ಎಂದಷ್ಟೇ ತಿಳಿದುಕೊಂಡು, ಕೋಳಿಯ ಸಾರಿನಲ್ಲಿ ಬೆಂದ ಅನ್ನವನ್ನು ಬಡಿಸುವುದುಂಟು. ಬೇಯಿಸಿ ಹುರಿದ ರಾಜ್ಮಾದಂಥ ಬೀನ್ಸ್‌ನಲ್ಲಿ ಮತ್ತು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ಟಮಾಲ್‌ನ ಹಿಟ್ಟಿನಲ್ಲಿ ಹಂದಿಯ ಕೊಬ್ಬು, ಅಂದರೆ ಮಂತೇಕಾ, ಸಾಮಾನ್ಯವಾಗಿ ಇರುತ್ತದೆ. ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಮಂತೇಕಾ’ (ಮಾಂಸ, ಕೋಳಿ, ಹಂದಿಕೊಬ್ಬು ಮೂರೂ ಬೇಡ) ಎಂಬ ಮಾತನ್ನು ಬಾಯಿಪಾಠ ಮಾಡಿಕೊಂಡು ಹೋಗಿ, ಕಾಯ್ದಿರಿಸುವಾಗ ಒಮ್ಮೆ, ತರಗತಿಯ ಬೆಳಿಗ್ಗೆ ಇನ್ನೊಮ್ಮೆ ಹೇಳಬೇಕು. ಆಯ್ಕೆ ನಿಮ್ಮದಾದರೆ ತ್ಲಾಕೋಯೊ ಕಲಿಸಿರೆಂದು ಕೇಳಿ. ಬೀನ್ಸಿನ ಹೂರಣವನ್ನು ಮಾಸಾದೊಳಗೆ ಮುಚ್ಚಿ ದೋಣಿಯಾಕಾರಕ್ಕೆ ತಟ್ಟಿ ಬೇಯಿಸಿ, ಮೇಲೆ ಪಾಪಾಸುಕಳ್ಳಿಯ ಎಳೆಯ ಪಟ್ಟೆಯ ಚೂರುಗಳನ್ನು ಹರಡುವ ಈ ತಿಂಡಿ ಹೋಳಿಗೆ ತುಂಬಿ ಪಳಗಿದವರಿಗೆ ಬೇಗ ಒಲಿಯುತ್ತದೆ. ಕುಂಬಳದ ಹೂವು ತುಂಬಿ ಮಡಚಿದ ಕೆಸದೀಯಾ ಕೂಡ ಒಳ್ಳೆಯ ಆಯ್ಕೆ. ಆದರೆ ರಾಜಧಾನಿಯಲ್ಲಿ ಕೆಸದೀಯಾ ಎಂದ ಮಾತ್ರಕ್ಕೆ ಚೀಸ್ ಬರುವುದಿಲ್ಲ, ‘ಕೋನ್ ಕೆಸೊ’ ಎಂದು ಕೇಳಿ ಹಾಕಿಸಿಕೊಳ್ಳಬೇಕು.

ತರಗತಿಗಳು ಹೆಚ್ಚಾಗಿ ಬೆಳಿಗ್ಗೆ ಸಂತೆ ಸುತ್ತುವುದರೊಂದಿಗೆ ಶುರುವಾಗುತ್ತವೆ, ಮತ್ತು ಅಲ್ಲಿನವರ ದೊಡ್ಡ ಊಟ ಮಧ್ಯಾಹ್ನ ಎರಡರ ನಂತರವಾದ್ದರಿಂದ ಖಾಲಿ ಹೊಟ್ಟೆಯಲ್ಲಿ ಹೋಗಬಾರದು. ಉಂಗುರ ತೆಗೆದಿಟ್ಟು, ಉಗುರು ಕತ್ತರಿಸಿಕೊಂಡು ಹೋಗಿ. ಸಂತೆಯಲ್ಲಿ ಸಮಯ ಕಳೆಯಬೇಕಾದ ಜಾಗವೆಂದರೆ ಒಣಮೆಣಸಿನಕಾಯಿಯ ಅಂಗಡಿ. ಏಪ್ರಿಲ್, ಮೇ ತಿಂಗಳಲ್ಲಿ ಮುಂಬಯಿಯ ಲಾಲ್‌ಬಾಗಿನ ಮಿರ್ಚಿ ಗಲ್ಲಿಗೆ ವರ್ಷದ ಮಸಾಲೆ ಕುಟ್ಟಿಸಲು ಹೋಗಿ ಸೀನಿದವರಿಗೆ ಆ ಘಾಟು ಹೊಸದಲ್ಲ. ಹೊಸದಾಗಿರುವುದು ಒಂದೊಂದು ಕಾಯಿಗೂ ಇರುವ ಬೇರೆ ಬೇರೆ ಕೆಲಸ. ನುಣುಪಾದ ಕೆಂಪು ಗ್ವಾಹೀಯೊ ಬಣ್ಣಕ್ಕೆ, ಅಗಲವಾದ ಕಪ್ಪುಗೆಂಪಿನ ಆಂಚೊ ಸಿಹಿ ಮತ್ತು ಮಂದತೆಗೆ, ಸಣ್ಣ ಆರ್ಬೊಲ್ ಖಾರಕ್ಕೆ, ಹಣ್ಣಾದ ಹಾಲಪೇನ್ಯೊವನ್ನು ಹೊಗೆಯಲ್ಲಿ ಒಣಗಿಸಿದ ಚಿಪೋತ್ಲೆ ಹೊಗೆಯ ವಾಸನೆಗೆ. ಕಾಯಿಯನ್ನು ಬಾಗಿಸಿ ನೋಡಿ: ಒಳ್ಳೆಯದು ಚರ್ಮದಂತೆ ಬಾಗುತ್ತದೆ, ಹಳತು ಪಟ್ಟನೆ ಮುರಿಯುತ್ತದೆ. ಪ್ರತಿಯೊಂದನ್ನೂ ಮೂಸಿ, ಊರಿನ ಯಾವ ಕಾಯಿಯ ನೆನಪಾಗುತ್ತದೆ ಎಂದು ಅಲ್ಲಿಯೇ ಬರೆದುಕೊಳ್ಳಿ. ನನ್ನ ಪುಸ್ತಕದಲ್ಲಿ ಗ್ವಾಹೀಯೊ ಎದುರಿಗೆ ‘ಬ್ಯಾಡಗಿ, ಆದರೆ ಇನ್ನೂ ಹುಳಿ’ ಎಂದೂ, ಆರ್ಬೊಲ್ ಎದುರಿಗೆ ‘ಲವಂಗಿ’ ಎಂದೂ ಇದೆ. ಆಂಚೊ ಎದುರಿನ ಜಾಗ ಇಂದಿಗೂ ಖಾಲಿ.

ಇನ್ನು ಹಿಟ್ಟಿನ ವಿಷಯ. ನನ್ನದು ಧಾರವಾಡದ ಕಡೆಯ ಮನೆ, ಜೋಳದ ರೊಟ್ಟಿ ಬಡಿದು ಬೆಳೆದ ಕೈ. ಹಾಗಾಗಿ ಎರಡನೆಯ ತರಗತಿಯಲ್ಲಿ ಸ್ವಲ್ಪ ಜಂಬದಿಂದಲೇ ಉಂಡೆ ತೆಗೆದುಕೊಂಡು ಅಂಗೈಯಲ್ಲಿ ತಟ್ಟಲು ಶುರುಮಾಡಿದೆ. ಅಂಚು ಸುತ್ತಲೂ ಒಡೆಯಿತು. ಕಲಿಸುತ್ತಿದ್ದ ಹಿರಿಯ ಹೆಂಗಸು ಏನೂ ಹೇಳದೆ ನನ್ನ ಉಂಡೆಯನ್ನು ತಾವೇ ತೆಗೆದುಕೊಂಡು ಹೆಬ್ಬೆರಳಿನಿಂದ ನಡುವೆ ಒತ್ತಿ ತೋರಿಸಿದರು: ಒತ್ತಿದ ಗುಳಿಯ ಸುತ್ತ ಸಣ್ಣ ಬಿರುಕುಗಳು. ಬಟ್ಟಲಿನ ನೀರಿನಲ್ಲಿ ಬೆರಳದ್ದಿ, ಹಿಟ್ಟಿನ ಮೇಲೆ ಚಿಮುಕಿಸಿ, ಅಂಗೈಯ ಬುಡದಿಂದ ಮುಂದಕ್ಕೆ ಜಾರಿಸಿ ಜಾರಿಸಿ ನಾದಿ, ಮತ್ತೆ ಒತ್ತಿದರು, ಬಿರುಕು ಕಡಿಮೆಯಾಯಿತು. ಮೂರನೆಯ ಸಲ ಒತ್ತಿದಾಗ ಗುಳಿಯ ಅಂಚು ಮಗುವಿನ ಕೆನ್ನೆಯಷ್ಟು ನುಣುಪಾಗಿತ್ತು, ಹೆಬ್ಬೆರಳಿಗೆ ಹಿಟ್ಟು ಅಂಟಿರಲಿಲ್ಲ. ಬಿರುಕು ಬಿಟ್ಟರೆ ನೀರು ಸಾಲದು, ಬೆರಳಿಗೆ ಹತ್ತಿದರೆ ನೀರು ಹೆಚ್ಚು, ಇವೆರಡರ ನಡುವಿನದೇ ಹದ. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಜಿಗಿ ತರುವ ನಮ್ಮ ಅಭ್ಯಾಸವನ್ನು ಇಲ್ಲಿ ಮರೆಯಬೇಕು, ಏಕೆಂದರೆ ಆ ಜಿಗಿಯನ್ನು ಸುಣ್ಣ ಆಗಲೇ ಕೊಟ್ಟಿರುತ್ತದೆ. ಹೆಬ್ಬೆರಳಿನ ಈ ಪರೀಕ್ಷೆಯನ್ನು ನಿಮ್ಮ ಕೈಯಿಂದ ಐದಾರು ಸಲವಾದರೂ ಮಾಡಿ ನೋಡದೆ ಆ ಮನೆಯಿಂದ ಹೊರಡಬೇಡಿ.

ಹದಕ್ಕೆ ಬಂದ ಹಿಟ್ಟಿನಲ್ಲಿ ನಿಂಬೆಹಣ್ಣಿನ ಗಾತ್ರದ, ಸುಮಾರು 30 ಗ್ರಾಂ ತೂಕದ ಉಂಡೆ ಮಾಡಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಒತ್ತುಮಣೆಯಲ್ಲಿ ಒಮ್ಮೆ ಒತ್ತಿ, ಅರ್ಧ ತಿರುಗಿಸಿ ಇನ್ನೊಮ್ಮೆ ಒತ್ತುತ್ತಾರೆ. ಹಂಚಿಗೆ ಅಲ್ಲಿ ಕೊಮಾಲ್ ಎನ್ನುತ್ತಾರೆ; ಮಣ್ಣಿನದಾದರೆ ಹಿಟ್ಟು ಹತ್ತದಂತೆ ಅದಕ್ಕೂ ಸುಣ್ಣದ ನೀರು ಬಳಿದಿರುತ್ತಾರೆ. ಪ್ಲಾಸ್ಟಿಕ್ ಬಿಡಿಸಿ ಚೆನ್ನಾಗಿ ಕಾದ ಹಂಚಿನ ಮೇಲೆ ಹಾಕಿದ ಹದಿನೈದು ಇಪ್ಪತ್ತು ಸೆಕೆಂಡಿನಲ್ಲಿ ಅಂಚಿನ ಬಣ್ಣ ಬದಲಾಗಿ ಟೋರ್ಟಿಯಾ ತಾನಾಗಿ ಹಂಚು ಬಿಡುತ್ತದೆ. ಆಗ ಮಗುಚಿ, ಮುಕ್ಕಾಲು ನಿಮಿಷ ಬಿಟ್ಟು, ಕಂದು ಚುಕ್ಕೆ ಕಂಡ ಮೇಲೆ ಮತ್ತೆ ಮಗುಚಿ ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಉಬ್ಬುತ್ತದೆ. ಮೊದಲ ಮಗುಚುವಿಕೆ ತಡವಾದರೆ ಮೇಲ್ಮೈ ಒಣಗಿ ಏನು ಮಾಡಿದರೂ ಉಬ್ಬುವುದಿಲ್ಲ. ರೊಟ್ಟಿಯವರು ತಪ್ಪುವುದು ಇಲ್ಲಿಯೇ, ನಮ್ಮದು ನಿಧಾನದ ಕೈ.

ಚಟ್ನಿಯ ಕೆಲಸ ನಮಗೆ ಸಲೀಸು. ಮೂರು ಕಾಲಿನ ಬಸಾಲ್ಟ್ ಕಲ್ಲಿನ ಒರಳಿನಲ್ಲಿ, ಮೊಲ್ಕಹೇತೆಯಲ್ಲಿ, ಮೊದಲು ಉಪ್ಪು ಬೆಳ್ಳುಳ್ಳಿ, ಆಮೇಲೆ ಮೆಣಸಿನಕಾಯಿ, ಕೊನೆಗೆ ಹಂಚಿನ ಮೇಲೆ ಕಪ್ಪಾಗುವವರೆಗೆ ಸುಟ್ಟ ಟೊಮೆಟೊ ಎಂಬ ಕ್ರಮವನ್ನು ಕಾಪಾಡಿಕೊಂಡರೆ ಸಾಕು. ಒಣಮೆಣಸಿನಕಾಯಿಯನ್ನು ಮಾತ್ರ ಘಮ ಏಳುವವರೆಗೆ ಕೆಲವೇ ಸೆಕೆಂಡು ಬಿಸಿಮಾಡಿ ತೆಗೆಯಬೇಕು, ಕಪ್ಪಾದರೆ ಕಹಿ. ಒರಳು ಎಷ್ಟೇ ಆಸೆ ಹುಟ್ಟಿಸಿದರೂ ಕೊಳ್ಳಬೇಡಿ. ಕಲ್ಲು ಹೊತ್ತು ವಿಮಾನ ಹತ್ತುವುದಕ್ಕಿಂತ ಮನೆಯ ಕಲಬತ್ತೇ ವಾಸಿ. ಬಣ್ಣಬಣ್ಣದ ಮೆಕ್ಕೆಜೋಳದ ಕಾಳನ್ನೂ ತರಬೇಡಿ: ಮೊಳೆಯುವ ಕಾಳಿಗೆ ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ನಿರ್ಬಂಧಗಳಿವೆ.

ಮುಂಬಯಿಗೆ ಮರಳಿದ ಮೇಲೆ ಹದಿನೈದು ದಿನದೊಳಗೆ ಒಮ್ಮೆ ಮಾಡದಿದ್ದರೆ ಕೈ ಮರೆಯುತ್ತದೆ. ಇಲ್ಲಿ ಹಿಟ್ಟಿನಂಗಡಿಯ ಮಕ್ಕೀ ಆಟಾ ನಡೆಯುವುದಿಲ್ಲ, ಅದು ಸುಣ್ಣ ಕಂಡ ಹಿಟ್ಟಲ್ಲ. ತಿನ್ನಲು ಮಾರುವ ಒಣ ಮೆಕ್ಕೆಜೋಳವನ್ನು ಕಿರಾಣಿ ಅಂಗಡಿಯಲ್ಲಿ ಹೇಳಿ ತರಿಸಿಕೊಳ್ಳಿ. ಬಿತ್ತನೆಯ ಕಾಳಿಗೆ ಔಷಧ ಸವರಿರುತ್ತದೆ, ಅದನ್ನು ಮುಟ್ಟಲೇಬಾರದು. ಒಂದು ಕಿಲೊ ಕಾಳಿಗೆ 10 ಗ್ರಾಂ ತಿನ್ನುವ ಸುಣ್ಣದ ಪುಡಿ, ಎರಡೂವರೆ ಲೀಟರ್ ನೀರು ಎಂಬ ಲೆಕ್ಕ ನನಗೆ ಹೊಂದಿದೆ. ಗೋಡೆಗೆ ಬಳಿಯುವ ಸುಣ್ಣ ಸಲ್ಲದು. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುವುದರಿಂದ ಸ್ಟೀಲಿನದೇ ಬೇಕು, ಪುಡಿ ಕಣ್ಣಿಗೆ ಹಾರದಂತೆಯೂ ನೋಡಿಕೊಳ್ಳಬೇಕು.

ಬೇಯಿಸುವ ಹೊತ್ತನ್ನು ಮಾತ್ರ ತರಗತಿಯ ಟಿಪ್ಪಣಿಯಿಂದ ಹಾಗೆಯೇ ಎತ್ತಿಕೊಳ್ಳಬೇಡಿ. ಮೆಕ್ಸಿಕೊ ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ನೀರು 93 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ, ಹಾಗಾಗಿ ಕಾಳು ನಿಧಾನವಾಗಿ ಬೇಯುತ್ತದೆ. ಅಲ್ಲಿಯ ಗಡಿಯಾರ ನಂಬಿ ನಾನು ಮೊದಲ ಸಲ ಬೇಯಿಸಿದ ಕಾಳು ಕಡಲತೀರದ ಈ ಊರಿನಲ್ಲಿ ಹಿಸುಕಿದರೆ ಗಂಜಿಯಾಗುವಷ್ಟು ಬೆಂದುಹೋಯಿತು. ಅರ್ಧ ಗಂಟೆಯಿಂದಲೇ ಪರೀಕ್ಷಿಸುತ್ತಾ ಬನ್ನಿ: ಎರಡು ಬೆರಳ ನಡುವೆ ಉಜ್ಜಿದಾಗ ಸಿಪ್ಪೆ ಜಾರಬೇಕು, ಕಚ್ಚಿದರೆ ಕಾಳಿನ ನಡು ಇನ್ನೂ ಗಟ್ಟಿಯಿರಬೇಕು. ಆಗ ಒಲೆ ಆರಿಸಿ ರಾತ್ರಿಯಿಡೀ ಮುಚ್ಚಿಡಿ.

ಅರೆಯಲು ಇಡ್ಲಿಯ ಗ್ರೈಂಡರ್ ಆಗುತ್ತದೆ, ತಾಳ್ಮೆಯೊಂದು ಬೇಕು. ಬಟ್ಟಲು ಬಟ್ಟಲಾಗಿ ಹಾಕಿ, ಕಲ್ಲು ನಿಂತಾಗ ಮಾತ್ರ ಒಂದು ಚಮಚ ನೀರು. ಆದರೂ ಗಿರಣಿಯ ಹಿಟ್ಟಿಗಿಂತ ಇದು ತೆಳುವಾಗಿಯೇ ಬರುತ್ತದೆ. ಆಮದು ಸಾಮಾನಿನ ಅಂಗಡಿಯ ಮಾಸಾ ಹಿಟ್ಟನ್ನು ಒಂದೆರಡು ಮುಷ್ಟಿ ಬೆರೆಸಿ ಸರಿಪಡಿಸಿಕೊಳ್ಳಿ, ಹೆಬ್ಬೆರಳು ಹೇಳುವವರೆಗೆ. ಒತ್ತಲು ಪೂರಿಯ ಮಣೆ ಸಾಕು. ಹಸಿರು ಚಟ್ನಿಗೆ ತೊಮತೀಯೊ ಎಂಬ ಅವರ ಹುಳಿ ಹಸಿರು ಕಾಯಿ ಸಿಗದಿದ್ದರೆ ಕಾಯಿ ಟೊಮೆಟೊ ಸುಟ್ಟು ನಿಂಬೆರಸ ಹಿಂಡಿ. ಕಪ್ಪು ಬೀನ್ಸಿಗೆ ರಾಜ್ಮಾ, ಪಿಲೋನ್ಸೀಯೊ ಎಂಬ ಅವರ ಅಚ್ಚುಬೆಲ್ಲಕ್ಕೆ ನಮ್ಮ ಬೆಲ್ಲ. ಮೆಣಸಿನಪುಡಿ, ನಿಂಬೆ ಸವರಿದ ಅವರ ಬೀದಿಯ ಎಲೋತೆ ಎಂಬ ಮೆಕ್ಕೆಜೋಳದ ತೆನೆಗಂತೂ ಬದಲಿ ಹುಡುಕುವುದೇ ಬೇಡ, ಮಳೆಗಾಲದಲ್ಲಿ ಮರೀನ್ ಡ್ರೈವಿನ ಭುಟ್ಟಾದವನ ಕೆಂಡದ ಮುಂದೆ ನಿಂತರಾಯಿತು. ಅವರು ಮೇಲೆ ಮಯೊನೀಸ್, ಚೀಸ್ ಹಚ್ಚುತ್ತಾರೆ, ಇವನು ಹಚ್ಚುವುದಿಲ್ಲ, ನನ್ನ ನಾಲಿಗೆಗೆ ಇವನದೇ ಮೇಲು.

ಬೆಂದ ಟೋರ್ಟಿಯಾಗಳನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ತಮ್ಮದೇ ಹಬೆಯಲ್ಲಿ ಬಿಟ್ಟು ಆಮೇಲೆ ಬಡಿಸಿ. ಹಂಚಿನಿಂದ ನೇರ ತಟ್ಟೆಗೆ ಬಂದದ್ದು ಮಡಚಿದರೆ ಒಡೆಯುತ್ತದೆ. ಮುಂಬಯಿಯ ಸೆಕೆಗೆ ಮಾಸಾ ಸಂಜೆಯೊಳಗೆ ಹುಳಿಯುವುದರಿಂದ ಉಳಿದದ್ದನ್ನು ಅಂದೇ ನೀರಿನಲ್ಲಿ ಕದಡಿ, ಸೋಸಿ, ಬೆಲ್ಲ ಮತ್ತು ದಾಲ್ಚಿನ್ನಿ ಹಾಕಿ ಗಂಟಾಗದಂತೆ ಕೈಯಾಡಿಸುತ್ತಾ ಕುದಿಸಬೇಕು. ಮೆಕ್ಸಿಕೊದಲ್ಲಿ ಬೆಳಗಿನ ಜಾವ ಟಮಾಲ್ ಮಾರುವವರ ಗಾಡಿಯಲ್ಲಿ ಇದಕ್ಕೆ ಆತೋಲೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅತ್ತೆಯವರು ಮೊದಲ ಗುಟುಕಿಗೇ ಅದನ್ನು ಅಂಬಲಿ ಎಂದುಬಿಟ್ಟರು, ಆ ಹೆಸರೇ ಉಳಿದಿದೆ.