ಅಮೆರಿಕದ ಶಾಲೆಗೆ ಮಗು ಸೇರಿಸುವಾಗ: ಚುಚ್ಚುಮದ್ದು, ತಪಾಸಣೆ, ವಿನಾಯಿತಿ

ಮೈಸೂರು, ಮಂಡ್ಯ ಕಡೆಯಿಂದ ಹೋಗಿ ಅಮೆರಿಕದಲ್ಲಿ ಈಗತಾನೆ ಇಳಿದಿರುವ ಮನೆಯವರಿಗೆ, ವೀಸಾ ಕೈಗೆ ಬಂದು ಇಲ್ಲಿ ಸೂಟ್‌ಕೇಸ್ ತುಂಬುತ್ತಿರುವವರಿಗೆ ಈ ಬರಹ. ಅಲ್ಲಿ ಮಕ್ಕಳನ್ನು ಓದಿಸಿ ಮೈಸೂರಿಗೆ ವಾಪಸ್ ಬಂದವರು ನಮ್ಮ ಸಂಘದಲ್ಲಿ ಸುಮಾರು ಜನ ಇದ್ದೇವೆ. ಜುಲೈ, ಆಗಸ್ಟ್ ಬಂತೆಂದರೆ ನಮಗೆ ಬರುವ ಪ್ರಶ್ನೆ ಒಂದೇ: "ಲಸಿಕೆ ದಾಖಲೆ ಸಾಲದು ಅಂತಿದ್ದಾರೆ ಸ್ಕೂಲಲ್ಲಿ. ಎಕ್ಸೆಂಪ್ಷನ್ ಫಾರಂ ಅಂತ ಇದೆಯಂತಲ್ಲ, ಸಹಿ ಹಾಕಿಬಿಡೋದಾ?"

ಹಾಕಬೇಡಿ. ಇದನ್ನು ಓದಿ ಮುಗಿಸುವ ತನಕವಾದರೂ ಹಾಕಬೇಡಿ.

ನಿಮ್ಮ ಮಗುವಿಗೆ ಚುಚ್ಚುಮದ್ದು ಆಗಿದೆ. ಬಿಸಿಜಿ ಕಲೆ ತೋಳಿನ ಮೇಲೇ ಇದೆ. ಇಲ್ಲದಿರುವುದು ಕಾಗದ, ಇಲ್ಲವೇ ಒಂದೆರಡು ಡೋಸ್. ಇದಕ್ಕೆ ಬೇಕಿರುವುದು ವಿನಾಯಿತಿ ಅಲ್ಲ, ಸ್ವಲ್ಪ ಕಾಲಾವಕಾಶ. ಅದನ್ನು ಅಲ್ಲಿನ ನಿಯಮವೇ ಕೊಡುತ್ತದೆ. ಹೊರದೇಶದಿಂದ ಬಂದ ಮಗುವಿಗೆ ದಾಖಲೆ ತರಿಸಿಕೊಳ್ಳಲು ನ್ಯೂಜೆರ್ಸಿಯಲ್ಲಿ 30 ದಿನ ಬಿಡಬಹುದು. ನ್ಯೂಯಾರ್ಕ್‌ನಲ್ಲಿ 14 ದಿನ. ಹೊರದೇಶದಿಂದ ಬಂದವರು ಪ್ರಯತ್ನ ಮಾಡುತ್ತಿದ್ದಾರೆ ಎಂದು ಕಂಡರೆ 30 ದಿನದವರೆಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬಾಕಿ ಡೋಸ್‌ಗಳನ್ನು ಸಮಯಕ್ಕೆ ಸರಿಯಾಗಿ ಹಾಕಿಸುವ ಷರತ್ತಿನ ಮೇಲೆ ಸೇರಿಸಿಕೊಳ್ಳುತ್ತಾರೆ. ಶಾಲೆಯಲ್ಲಿ ಕೇಳಬೇಕಾದ ಮಾತು "ಕಂಡೀಷನಲ್ ಅಡ್ಮಿಷನ್" ಅಥವಾ "ಪ್ರೊವಿಷನಲ್ ಅಡ್ಮಿಷನ್". ಕೌಂಟರಿನಲ್ಲಿ ಕೂತವರು ತಾವಾಗಿ ಹೇಳದೇ ಇರಬಹುದು, ನೀವೇ ಕೇಳಿ.

ಇನ್ನು ವಿನಾಯಿತಿ. ಯಾವ ಲಸಿಕೆ ಬೇಕು, ಯಾರಿಗೆ ಬೇಡ ಎಂದು ತೀರ್ಮಾನಿಸುವುದು ಆಯಾ ರಾಜ್ಯ. ವೈದ್ಯಕೀಯ ಕಾರಣದ ವಿನಾಯಿತಿ ಎಲ್ಲ ರಾಜ್ಯಗಳಲ್ಲೂ ಇದೆ. ಹಿಂದಿನ ಡೋಸಿಗೆ ಜೀವಕ್ಕೆ ಅಪಾಯವಾಗುವಂಥ ಅಲರ್ಜಿ ಆಗಿದ್ದರೆ, ಮಗುವಿಗೆ ಕೀಮೋಥೆರಪಿ ನಡೆಯುತ್ತಿದ್ದರೆ, ರೋಗನಿರೋಧಕ ಶಕ್ತಿಯೇ ತೀರಾ ಕಡಿಮೆ ಇದ್ದರೆ ವೈದ್ಯರು ಬರೆದುಕೊಡುತ್ತಾರೆ. ಕೆಲವೊಮ್ಮೆ ಅದು ತಾತ್ಕಾಲಿಕ. ಅಂಥ ಮಗು ಇರುವವರು ಹಿಂಜರಿಯದೆ ಕೇಳಿ, ಈ ವಿನಾಯಿತಿ ಇರುವುದೇ ಅವರಿಗಾಗಿ. ಇಲ್ಲಿನ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಅಲರ್ಜಿ ಆದ ದಿನದ ಕೇಸ್ ಶೀಟ್ ತೆಗೆದುಕೊಂಡು ಹೋಗಿ. "ಅವತ್ತು ಮೈಯೆಲ್ಲಾ ಊದಿಕೊಂಡಿತ್ತು" ಎಂಬ ಬಾಯಿಮಾತು ಅಲ್ಲಿ ಸಾಲದು. ಅಂದಹಾಗೆ ಮೊಟ್ಟೆ ಅಲರ್ಜಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಹಾಕುವ ಲಸಿಕೆ) ಬಿಡಲು ಕಾರಣವಲ್ಲ. ನೆಗಡಿ, ಸಣ್ಣ ಜ್ವರವೂ ಅಲ್ಲ.

ಧಾರ್ಮಿಕ ಅಥವಾ ವೈಯಕ್ತಿಕ ನಂಬಿಕೆಯ ವಿನಾಯಿತಿ ಎಲ್ಲ ಕಡೆ ಇಲ್ಲ. ಕ್ಯಾಲಿಫೋರ್ನಿಯಾ 2016ರಿಂದ, ನ್ಯೂಯಾರ್ಕ್ 2019ರಿಂದ, ಕನೆಕ್ಟಿಕಟ್ 2021ರಿಂದ ಇದನ್ನು ಹೊಸಬರಿಗೆ ಕೊಡುವುದಿಲ್ಲ. ನ್ಯೂಜೆರ್ಸಿ, ಇಲಿನಾಯ್‌ನಲ್ಲಿ ಧಾರ್ಮಿಕ ಕಾರಣ ನಡೆಯುತ್ತದೆ. ಇಲಿನಾಯ್‌ನಲ್ಲಿ ವೈದ್ಯರ ಸಹಿಯೂ ಬೇಕು. ಟೆಕ್ಸಾಸ್‌ನಲ್ಲಿ ಮನಸ್ಸಾಕ್ಷಿಯ ಕಾರಣ ಕೊಟ್ಟು ಅಫಿಡವಿಟ್ ಮಾಡಬಹುದು. ಈ ನಿಯಮಗಳು ಈಚೆಗೆ ಜಾಸ್ತಿನೇ ಬದಲಾಗುತ್ತಿವೆ. ನೀವು ಹೋಗುವ ರಾಜ್ಯದ ಆರೋಗ್ಯ ಇಲಾಖೆಯ ಜಾಲತಾಣ ನೋಡದೆ ಹಳೆಯ ಸ್ನೇಹಿತರ ಮಾತು ನಂಬಬೇಡಿ.

"ರಿಲಿಜಿಯಸ್ ಅಂತ ಟಿಕ್ ಮಾಡಿ, ಸುಮ್ನೆ ತಲೆ ಕೆಡಿಸ್ಕೋಬೇಡಿ" ಎನ್ನುವವರು ಪ್ರತಿ ವಾಟ್ಸಾಪ್ ಗುಂಪಿನಲ್ಲೂ ಒಬ್ಬರಿರುತ್ತಾರೆ. ಇಲ್ಲದ ನಂಬಿಕೆಯನ್ನು ಇದೆ ಎಂದು ಸರ್ಕಾರಿ ಕಾಗದದಲ್ಲಿ ಸಹಿ ಹಾಕುವುದು ನಮಗೆ ಸರಿ ಕಾಣುವುದಿಲ್ಲ, ಅದೂ ವೀಸಾದ ಮೇಲೆ ಇರುವವರು. ಅದು ಹಾಗಿರಲಿ. ಶಾಲೆಯಲ್ಲಿ ಒಂದು ದಡಾರ ಕಂಡರೆ ವಿನಾಯಿತಿ ಪಡೆದ ಮಗುವನ್ನು ಮನೆಗೆ ಕಳಿಸುತ್ತಾರೆ. ಸಾಮಾನ್ಯವಾಗಿ 21 ದಿನ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಅಜ್ಜಿ ತಾತ ಮೈಸೂರಿನಲ್ಲಿರುವಾಗ, ಮೂರು ವಾರ ಮಗು ನೋಡಿಕೊಳ್ಳೋರು ಯಾರು? ದಡಾರ ಹೋಯಿತು ಎಂದುಕೊಳ್ಳಬೇಡಿ. 2025ರಲ್ಲಿ ಪಶ್ಚಿಮ ಟೆಕ್ಸಾಸ್‌ನಲ್ಲಿ ಹಬ್ಬಿ, ಲಸಿಕೆ ಹಾಕಿಸದ ಇಬ್ಬರು ಮಕ್ಕಳು ತೀರಿಕೊಂಡರು. ಇನ್ನೊಂದು ವಿಷಯ: ಕ್ಲೈಂಟ್ ಬದಲಾಗಿ ಡಲ್ಲಾಸ್‌ನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಹೋದಿರೆನ್ನಿ, ಟೆಕ್ಸಾಸ್ ಅಫಿಡವಿಟ್ ಅಲ್ಲಿ ಬರೀ ಕಾಗದ.

ಕಟ್ಟುನಿಟ್ಟಾದ ಸಸ್ಯಾಹಾರಿ ಮನೆಗಳಿಂದ ಒಂದು ನಿಜವಾದ ಪ್ರಶ್ನೆ ಬರುತ್ತದೆ. ಅಲ್ಲಿ ಹಾಕುವ ಎಂಎಂಆರ್-2 ಮತ್ತು ಸೀತಾಳೆ ಸಿಡುಬಿನ ಲಸಿಕೆ ವಾರಿವ್ಯಾಕ್ಸ್‌ನಲ್ಲಿ ಹಂದಿಯಿಂದ ತೆಗೆದ ಜೆಲಾಟಿನ್ ಇರುತ್ತದೆ. ಎಂಎಂಆರ್‌ಗೆ ಬೇರೆ ದಾರಿ ಇದೆ: 2022ರಿಂದ ಅಲ್ಲಿ ಸಿಗುವ ಪ್ರಯೋರಿಕ್ಸ್‌ನಲ್ಲಿ ಜೆಲಾಟಿನ್ ಇಲ್ಲ, ಮೊದಲೇ ಹೇಳಿ ತರಿಸಿಕೊಳ್ಳಿ. ಸೀತಾಳೆ ಲಸಿಕೆಯನ್ನು ಹೊರಡುವ ಮುಂಚೆ ಇಲ್ಲೇ ಹಾಕಿಸುವುದು ಸುಲಭ. ಯಾವ ಬ್ರಾಂಡ್‌ನಲ್ಲಿ ಏನಿದೆ ಎಂದು ಮಕ್ಕಳ ಡಾಕ್ಟರು ಪೊಟ್ಟಣ ನೋಡಿ ಹೇಳುತ್ತಾರೆ.

ನಮ್ಮ ಕಾರ್ಡ್ ಅಲ್ಲಿ ಯಾಕೆ ಸಾಲದು

ಇದೇ ಮುಖ್ಯ ವಿಷಯ, ನಿಧಾನವಾಗಿ ಓದಿ.

ಸರ್ಕಾರಿ ವೇಳಾಪಟ್ಟಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಮೊದಲು 9 ತಿಂಗಳಿಗೆ, ಮತ್ತೆ 16ರಿಂದ 24 ತಿಂಗಳ ಒಳಗೆ. ಅಮೆರಿಕದಲ್ಲಿ ಒಂದು ವರ್ಷ ತುಂಬುವ ಮುಂಚೆ ಹಾಕಿದ್ದು ಲೆಕ್ಕಕ್ಕಿಲ್ಲ. ಹಾಗಾಗಿ ಎರಡರಲ್ಲಿ ಒಂದೇ ಉಳಿಯುತ್ತದೆ. ಅದರಲ್ಲೂ ಮಂಗನಬಾವಿನ ಲಸಿಕೆ ಇಲ್ಲ. ಖಾಸಗಿ ಡಾಕ್ಟರ ಹತ್ತಿರ ಹಾಕಿಸಿದವರಿಗೆ 15 ತಿಂಗಳಿಗೆ ಮತ್ತು 4ರಿಂದ 6 ವರ್ಷದೊಳಗೆ ಎಂಎಂಆರ್ ಆಗಿದ್ದರೆ ಎರಡು ಡೋಸ್ ಸರಿಹೋಗುತ್ತದೆ. ಹೆಪಟೈಟಿಸ್-ಬಿ ನಮ್ಮಲ್ಲಿ ಹುಟ್ಟಿದಾಗ, 6, 10, 14 ವಾರಕ್ಕೆ. ಅಲ್ಲಿ ಕೊನೆಯ ಡೋಸ್ 24 ವಾರ ಆದ ಮೇಲೇ ಇರಬೇಕು. ನಾಲ್ಕು ಸಲ ಚುಚ್ಚಿಸಿಕೊಂಡ ಮಗುವಿಗೂ ಇನ್ನೊಂದು ಬೇಕು! 2016ರ ಏಪ್ರಿಲ್ 1ರಿಂದ ಈಚೆಗೆ ಹಾಕಿದ ಪೋಲಿಯೊ ಹನಿಯನ್ನೂ ಅವರು ಎಣಿಸುವುದಿಲ್ಲ. ಪಲ್ಸ್ ಪೋಲಿಯೊ ಭಾನುವಾರಗಳಲ್ಲಿ ಬೆರಳಿಗೆ ಶಾಯಿ ಹಚ್ಚಿಸಿಕೊಂಡದ್ದೆಲ್ಲ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸೀತಾಳೆ ಲಸಿಕೆ ಸರ್ಕಾರಿ ಪಟ್ಟಿಯಲ್ಲೇ ಇಲ್ಲ. ಮಗುವಿಗೆ 'ಅಮ್ಮ' ಆಗಿದ್ದರೆ ಡಾಕ್ಟರ ಪತ್ರ ಅಥವಾ ರಕ್ತಪರೀಕ್ಷೆ ಬಹಳ ರಾಜ್ಯಗಳಲ್ಲಿ ನಡೆಯುತ್ತದೆ.

ಜೀವಂತ ಲಸಿಕೆಗಳಾದ ಎಂಎಂಆರ್, ಸೀತಾಳೆ ಎರಡನ್ನೂ ಒಂದೇ ದಿನ ಹಾಕಿಸಿ, ಇಲ್ಲವೇ ನಡುವೆ 28 ದಿನ ಬಿಡಿ. ವಿಮಾನ ಹತ್ತುವ ಹಿಂದಿನ ವಾರ ಇಲ್ಲಿ ಒಂದು, ಇಳಿದ ವಾರ ಅಲ್ಲಿ ಇನ್ನೊಂದು ಹಾಕಿಸಿದರೆ ಎರಡನೆಯದು ದಂಡ. ಚರ್ಮದ ಮೇಲೆ ಮಾಡುವ ಕ್ಷಯ ಪರೀಕ್ಷೆಗೂ ಹೀಗೆಯೇ: ಎಂಎಂಆರ್ ದಿನವೇ ಮಾಡಿಸಿ, ಇಲ್ಲವೇ ನಾಲ್ಕು ವಾರ ಕಾಯಿರಿ. ಬಿಸಿಜಿ ಹಾಕಿಸಿಕೊಂಡ ನಮ್ಮ ಮಕ್ಕಳಿಗೆ ಆ ಪರೀಕ್ಷೆಯಲ್ಲಿ ಸುಮ್ಮನೆ ಪಾಸಿಟಿವ್ ಬರಬಹುದು. ಅದರ ಬದಲು ಕ್ಷಯಕ್ಕೆ ಮಾಡುವ ಐಜಿಆರ್‌ಎ ಎಂಬ ರಕ್ತಪರೀಕ್ಷೆ ಕೇಳಿ.

ಊರಿನಲ್ಲಿ ಕಾಗದ ಹುಡುಕುವುದು

ನಮ್ಮ ಕಡೆ ಹೆರಿಗೆ ತವರಿನಲ್ಲಿ. ಮಗು ಹುಟ್ಟಿದ್ದು ಮಂಡ್ಯದಲ್ಲಿ, ಬಾಣಂತನದ ತಿಂಗಳುಗಳ ಚುಚ್ಚುಮದ್ದು ಮದ್ದೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಮೇಲಿನದು ಕುವೆಂಪುನಗರದ ಮಕ್ಕಳ ಡಾಕ್ಟರ ಹತ್ತಿರ. ದಾಖಲೆ ಮೂರು ಕಡೆ ಹಂಚಿಹೋಗಿರುತ್ತದೆ. ಮೊದಲು ತಾಯಿ ಕಾರ್ಡ್ ಹುಡುಕಿಸಿ. ಅದು ಕಳೆದಿದ್ದರೆ ಚುಚ್ಚುಮದ್ದು ಹಾಕಿದ ಕೇಂದ್ರದ ರಿಜಿಸ್ಟರ್‌ನಲ್ಲಿ ದಿನಾಂಕ ಸಿಗಬಹುದು. ಆಶಾ ಕಾರ್ಯಕರ್ತೆಯನ್ನು ಹಿಡಿದರೆ ಕೆಲಸ ಬೇಗ ಆಗುತ್ತದೆ, ಆಕೆಗೆ ಬೀದಿಯ ಪ್ರತಿ ಮಗುವೂ ಗೊತ್ತು. ಚಿಕ್ಕ ಮಕ್ಕಳ ವಿವರ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್‌ನಲ್ಲೂ ಇರಬಹುದು.

ಎಲ್ಲ ಸಿಕ್ಕ ಮೇಲೆ ಡಾಕ್ಟರ ಲೆಟರ್‌ಹೆಡ್‌ನಲ್ಲಿ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಸಿ, ಸೀಲು ಮತ್ತು ರಿಜಿಸ್ಟ್ರೇಷನ್ ನಂಬರ್ ಹಾಕಿಸಿ. ತಿಂಗಳನ್ನು ಅಕ್ಷರದಲ್ಲಿ ಬರೆಸಿ. ನಮ್ಮ 03/07 ಅವರಿಗೆ ಮಾರ್ಚ್ 7. ಜುಲೈನಲ್ಲಿ ಹಾಕಿದ ಡೋಸ್ ನಾಲ್ಕು ತಿಂಗಳು ಹಿಂದೆ ಹೋಗಿ, ವಯಸ್ಸು ಸಾಲದೆ ತಿರಸ್ಕಾರವಾದೀತು. ಕಾರ್ಡಿನಲ್ಲಿ 'ಬೇಬಿ ಆಫ್' ಎಂದು ತಾಯಿಯ ಹೆಸರಷ್ಟೇ ಇದ್ದರೆ, ಪಾಸ್‌ಪೋರ್ಟಿನಲ್ಲಿರುವ ಮಗು ಇದೇ ಎಂದು ಅದೇ ಪತ್ರದಲ್ಲಿ ಒಂದು ಸಾಲು ಸೇರಿಸಲಿ. ಮೂಲಪ್ರತಿ ಕ್ಯಾಬಿನ್ ಬ್ಯಾಗಿನಲ್ಲಿರಲಿ.

ಆರೋಗ್ಯ ತಪಾಸಣೆಗೆ ಆ ರಾಜ್ಯದ್ದೇ ಫಾರಂ ಇರುತ್ತದೆ, ಅಲ್ಲಿಗೆ ಹೋದ ಮೇಲೆ ಮಾಡಿಸುವುದೇ ಲೇಸು. ಇಲಿನಾಯ್‌ನಲ್ಲಿ ಕಿಂಡರ್‌ಗಾರ್ಟನ್, 6 ಮತ್ತು 9ನೇ ತರಗತಿಗೆ, ಹಾಗೂ ಆ ರಾಜ್ಯದ ಶಾಲೆಗೆ ಮೊದಲ ಸಲ ಸೇರುವವರಿಗೆ ಬೇಕು. ಗಡುವು ಅಕ್ಟೋಬರ್ 15. ಅಲ್ಲಿ ಹಲ್ಲು, ಕಣ್ಣಿನ ತಪಾಸಣೆ ಬೇರೆ. ದಂತವೈದ್ಯರು ಸಿಗದೆ ಕಷ್ಟವಾದರೆ ಅದಕ್ಕೆಂದೇ ವಿನಾಯಿತಿ ಫಾರಂ ಇದೆ. ಅದನ್ನು ಧೈರ್ಯವಾಗಿ ತುಂಬಿ.

ಇನ್ಷೂರೆನ್ಸ್ ಇದ್ದವರಿಗೆ ಮಕ್ಕಳ ಲಸಿಕೆ ಬಹುತೇಕ ಉಚಿತ. ಕಾರ್ಡ್ ಇನ್ನೂ ಬಂದಿಲ್ಲದಿದ್ದರೆ ಕೌಂಟಿ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ವಿಎಫ್‌ಸಿ (ವ್ಯಾಕ್ಸಿನ್ಸ್ ಫಾರ್ ಚಿಲ್ಡ್ರನ್, ಮಕ್ಕಳಿಗೆ ಉಚಿತ ಲಸಿಕೆ ಕೊಡುವ ಸರ್ಕಾರಿ ಯೋಜನೆ) ಅಡಿಯಲ್ಲಿ ಹಾಕುತ್ತಾರಾ ಎಂದು ಕೇಳಿ. ಶಾಲೆ ಶುರುವಾಗುವ ವಾರ ಅಲ್ಲಿ ಸಾಲು ಜಾಸ್ತಿ, ಅದಕ್ಕೂ ಮೊದಲೇ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.