ಟಾರ್ಪ್ ಕಟ್ಟೋಕೆ ಯಾವ ಹಗ್ಗ, ಯಾವ ಗಂಟು: ಒದ್ದೆ ಕೈಯಲ್ಲೂ ಬಿಚ್ಚೋ ಹಾಗೆ

ಟಾರ್ಪ್, ಅಂದ್ರೆ ಮಳೆಗೆ ತಲೆ ಮೇಲೆ ಕಟ್ಟೋ ತಾಡಪತ್ರಿ, ಕಟ್ಟೋದು ಎಲ್ರಿಗೂ ಹೆಂಗೋ ಬರತ್ತೆ, ಬಿಚ್ಚೋದೇ ಕಷ್ಟ. ಬೆಳಗಿನ ಜಾವ ಮಳೆ ಹಿಡ್ಕೊಂಡಿರತ್ತೆ, ಬೆರಳು ಮರಗಟ್ಟಿರತ್ತೆ, ರಾತ್ರಿಯೆಲ್ಲ ನೆನೆದ ಗಂಟು ಕಗ್ಗಂಟಾಗಿ ಕೂತಿರತ್ತೆ, ಉಗುರಲ್ಲಿ ಕೆದಕಿ ಹಲ್ಲಲ್ಲಿ ಕಚ್ಚಿ ಕೊನೆಗೆ ಚಾಕು ತಗೊಂಡು ಕೊಯ್ದು ಬಿಸಾಕೋದು. ಹಂಗಾಗಿ ನಾನು ಹಗ್ಗ ತಗೊಳ್ವಾಗ್ಲೂ ಗಂಟು ಹಾಕ್ವಾಗ್ಲೂ ನೋಡೋದು ಒಂದೇ, ರಾತ್ರಿಯೆಲ್ಲ ಬಿಗಿಯಾಗಿ ನಿಂತು ಬೆಳಿಗ್ಗೆ ಒಂದು ಸಲ ಎಳೆದ್ರೆ ಬಿಚ್ಕೊಳ್ಳತ್ತಾ ಅಂತ.

ನಂಗೆ ಇದು ತಲೆಗೆ ಹತ್ತಿದ್ದು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ, ಜುಲೈ ತಿಂಗಳು, ತೋಟದವರನ್ನ ಕೇಳ್ಕೊಂಡೇ ಉಳ್ಕೊಂಡಿದ್ವಿ (ಕಾಡೊಳಗೆ ಅರಣ್ಯ ಇಲಾಖೆ ಪರ್ಮಿಷನ್ ಇಲ್ದೆ ರಾತ್ರಿ ಉಳಿಯೋ ಹಾಗಿಲ್ಲ, ಅದನ್ನ ದಯವಿಟ್ಟು ಪಾಲಿಸಿ). ಎರಡು ಸಿಲ್ವರ್ ಓಕ್ ಮರದ ಮಧ್ಯೆ ಪ್ಯಾರಾಕಾರ್ಡ್ ಅನ್ನೋ ನೈಲಾನ್ ಹಗ್ಗ ಎಳೆದು ಟಾರ್ಪ್ ಹಾಕಿದ್ದೆ, ಸಂಜೆ ವೀಣೆ ತಂತಿ ಥರ ಬಿಗಿಯಾಗಿತ್ತು. ರಾತ್ರಿ ಎರಡು ಗಂಟೆಗೆ ಮುಖದ ಮೇಲೆ ಏನೋ ತಣ್ಣಗೆ ತಾಗ್ತು, ಟಾರ್ಚ್ ಹಾಕಿ ನೋಡಿದ್ರೆ ಟಾರ್ಪ್ ಮಧ್ಯದಲ್ಲಿ ಹೊಟ್ಟೆ ಬಂದು ಒಂದು ಬಕೆಟ್ ನೀರು ತುಂಬ್ಕೊಂಡು ಮೂಗಿನ ಮೇಲೆ ಇಳಿದಿದೆ. ಗಂಟು ಜಾರಿರ್ಲಿಲ್ಲ, ಗೂಟ ಕಿತ್ತಿರ್ಲಿಲ್ಲ, ಹಗ್ಗವೇ ಉದ್ದ ಆಗಿತ್ತು. ನೈಲಾನ್ ಗುಣನೇ ಅದು, ನೀರು ಹೀರತ್ತೆ, ನೆನೆದ್ಮೇಲೆ ಹಿಗ್ಗತ್ತೆ, ಮೇಲೆ ಭಾರ ಬಿದ್ರೆ ಇನ್ನೂ ಹಿಗ್ಗತ್ತೆ. ಮಲೆನಾಡಿನ ಮಳೆಗೆ ಮುಖ್ಯ ಹಗ್ಗವಾಗಿ ನೈಲಾನ್ ಬೇಡ ಅಂತ ಅವತ್ತಿಂದ ತೀರ್ಮಾನ ಮಾಡಿದೀನಿ.

ಪ್ಯಾರಾಕಾರ್ಡ್ ಕೆಟ್ಟದ್ದು ಅಂತಲ್ಲ. ಸುಮಾರು 4 ಮಿ.ಮೀ. ದಪ್ಪ, 550 ಪೌಂಡ್ ಅಂದ್ರೆ ಹತ್ರ ಹತ್ರ 250 ಕೆ.ಜಿ. ತಡ್ಕೊಳ್ಳೋ ಹಗ್ಗ ಅದು, ಮೂಲತಃ ಪ್ಯಾರಾಚೂಟ್ ದಾರ, ಸಿಪ್ಪೆ ಒಳಗೆ ಏಳು ಎಳೆ ಇರತ್ತೆ, ಹಿಡಿಯೋಕೆ ಮೆತ್ತಗೆ, ಗಂಟು ಚೆನ್ನಾಗಿ ಕಚ್ಚತ್ತೆ. ಆದ್ರೆ ಟಾರ್ಪಿಗೆ ಅಷ್ಟು ಬಲ ಬೇಡವೇ ಬೇಡ, 30 ಮೀಟರ್ ತಗೊಂಡ್ರೆ 200 ಗ್ರಾಂ ಆಸುಪಾಸು ತೂಗತ್ತೆ, ನೆನೆದ್ರೆ ಇನ್ನೂ ಜಾಸ್ತಿ. ಬೇಸಿಗೇಲಿ ಬರೀ ನೆರಳಿಗೆ ಕಟ್ಟೋದಾದ್ರೆ ಆರಾಮಾಗಿ ತಗೊಂಡು ಹೋಗಿ.

ಮನೇಲಿ ಇರೋ ತೆಂಗಿನ ನಾರಿನ ಹಗ್ಗ, ನೂಲಿನ ಹಗ್ಗ ಎರಡೂ ನೀರು ಕುಡಿದು ಭಾರ ಆಗತ್ತೆ, ಬೇಗ ಒಣಗೋದೂ ಇಲ್ಲ. ಅಂಗಡೀಲಿ ಸಿಗೋ ಹಳದಿ ನೀಲಿ ಪ್ಲಾಸ್ಟಿಕ್ ಹಗ್ಗ ನೀರು ಹೀರಲ್ಲ ನಿಜ, ಆದ್ರೆ ಗಡಸು, ಗಂಟು ಹಾಕಿ ಕೈ ಬಿಟ್ರೆ ತಾನೇ ಸಡಿಲ ಆಗತ್ತೆ, ಬಿಸಿಲಲ್ಲೇ ಇಟ್ರೆ ಪುಡಿ ಪುಡಿಯಾಗಿ ಉದುರತ್ತೆ. ಗಾರೆ ಕೆಲಸದವರು ಗೋಡೆ ನೇರ ನೋಡೋಕೆ ಕಟ್ತಾರಲ್ಲ, ಆ ಲೈನ್ ದಾರ ಪರವಾಗಿಲ್ಲ, ಅಗ್ಗ, ಹಗುರ, ಮೂಲೆಗಳಿಗೆ ಸಾಕಾಗತ್ತೆ, ಆದ್ರೆ ಅದೂ ಸಾಮಾನ್ಯವಾಗಿ ನೈಲಾನೇ ಆದ್ರಿಂದ ಮಳೇಲಿ ಒಂದೆರಡು ಸಲ ಎದ್ದು ಬಿಗಿ ಮಾಡ್ಬೇಕಾಗತ್ತೆ.

ಹಗುರ ಬೇಕು, ಹಿಗ್ಗಬಾರ್ದು ಅಂದ್ರೆ ಉಳಿಯೋದು ಎರಡು, ಪಾಲಿಯೆಸ್ಟರ್ ಮತ್ತೆ ಡೈನೀಮಾ. ಪಾಲಿಯೆಸ್ಟರ್ ನೀರು ಹೀರೋದು ತೀರಾ ಕಮ್ಮಿ, ಬಿಸಿಲೂ ತಡ್ಕೊಳ್ಳತ್ತೆ, ಗಂಟೂ ಕಚ್ಚತ್ತೆ. ಡೈನೀಮಾ ಅಂದ್ರೆ ತುಂಬಾ ಗಟ್ಟಿ ಪಾಲಿಥಿನ್ ನಾರು, ನೀರನ್ನ ಮುಟ್ಟೋದೇ ಇಲ್ಲ, ಹಿಗ್ಗೋದು ಇಲ್ಲವೇ ಇಲ್ಲ ಅನ್ನೋ ಅಷ್ಟು ಕಮ್ಮಿ, ತೂಕಾನೂ ಇಲ್ಲ, ಇಷ್ಟೆಲ್ಲ ಇದ್ರೂ ಎಣ್ಣೆ ಹಚ್ಚಿದ ಹಾಗೆ ಜಾರತ್ತೆ. ಪ್ಯಾರಾಕಾರ್ಡಲ್ಲಿ ಭದ್ರವಾಗಿ ಕೂರೋ ಗಂಟು ಇದ್ರಲ್ಲಿ ಗಾಳಿಗೆ ಮೆಲ್ಲಗೆ ಜಾರ್ಕೊಂಡು ಹೋಗತ್ತೆ, ಜಾರ್ದೆ ಇರೋ ಗಂಟು ಬಿಗಿದ್ರೆ ಸೂಜಿ ಹಾಕಿದ್ರೂ ಬಿಚ್ಚಲ್ಲ, ಬರೀ ಡೈನೀಮಾ 1 ಮಿ.ಮೀ. ದಪ್ಪದ್ದಂತೂ ಎಳೆದ್ರೆ ಕೈ ಕೊಯ್ಯತ್ತೆ. ಅದಕ್ಕೆ ನನ್ನ ಕೈ ಹೋಗೋದು ಒಳಗೆ ಡೈನೀಮಾ ಎಳೆ, ಹೊರಗೆ ಪಾಲಿಯೆಸ್ಟರ್ ಹೆಣಿಗೆ ಇರೋ 2 ಮಿ.ಮೀ. ಹಗ್ಗಕ್ಕೆ. ಒಳಗಿನದು ಹಿಗ್ಗಲ್ಲ, ಹೊರಗಿನದು ಗಂಟು ಹಿಡ್ಕೊಳ್ಳತ್ತೆ. ಟಾರ್ಚ್ ಬೆಳಕಿಗೆ ಮಿನುಗೋ ಎಳೆ ಹಾಕಿರೋದು ಸಿಕ್ರೆ ಅದನ್ನೇ ತಗೊಳ್ಳಿ, ರಾತ್ರಿ ಒಂದಕ್ಕೆ ಎದ್ದವರು ಎಡವಿ ಬೀಳೋದು ತಪ್ಪತ್ತೆ. ಒಂದು ಎಚ್ಚರ, ಡೈನೀಮಾ 150 ಡಿಗ್ರಿ ಹತ್ರಾನೇ ಕರಗತ್ತೆ, ನೈಲಾನ್ ಪಾಲಿಯೆಸ್ಟರ್‌ಗೆ 220 ದಾಟ್ಬೇಕು, ಹಂಗಾಗಿ ಬೆಂಕಿ ಹತ್ರ ಇದನ್ನ ಎಳೀಬೇಡಿ.

ಎಷ್ಟು ಬೇಕು? 3 ಮೀಟರ್‌ಗೆ 3 ಮೀಟರ್ ಟಾರ್ಪ್ ಅಂದ್ಕೊಳ್ಳಿ. ಮೇಲಿನ ಮುಖ್ಯ ಹಗ್ಗ, ರಿಡ್ಜ್‌ಲೈನ್, 10 ಮೀಟರ್ ಇರ್ಲಿ, ಮರಗಳು ನಮಗೆ ಬೇಕಾದ ದೂರದಲ್ಲಿ ಬೆಳೆದಿರಲ್ಲ. ಅದಕ್ಕೆ 3 ಮಿ.ಮೀ. ಆದ್ರೆ ಒಳ್ಳೇದು, ಬಲಕ್ಕಲ್ಲ, ಕೈಗೆ ಸಿಗೋಕೆ. ನಾಲ್ಕು ಮೂಲೆಗೆ ಎರಡೂವರೆ ಮೀಟರ್‌ದು ನಾಲ್ಕು, 2 ಮಿ.ಮೀ. ಸಾಕು. ಅಲ್ಲಿಗೆ 20 ಮೀಟರ್ ಆಯ್ತು, ಮೇಲೆ ಒಂದು 5 ಮೀಟರ್ ಹೆಚ್ಚಿಗೆ. ಕೊಂಡ್ಮೇಲೆ ಅಡುಗೆಮನೆ ತಕ್ಕಡೀಲಿ ತೂಗಿ ನೋಡಿ, ಪ್ಯಾರಾಕಾರ್ಡಲ್ಲಿ ಇಷ್ಟೇ ಉದ್ದ ತಗೊಂಡಿದ್ರೆ ಆಗ್ತಿದ್ದ ತೂಕಕ್ಕಿಂತ ಸಾಕಷ್ಟು ಕಮ್ಮಿ ಇರತ್ತೆ. ಕತ್ತರಿಸಿದ ತುದಿಯನ್ನ ಲೈಟರ್‌ನಲ್ಲಿ ಸ್ವಲ್ಪ ಕರಗಿಸಿ, ಇಲ್ಲಾಂದ್ರೆ ಎರಡೇ ದಿನದಲ್ಲಿ ಪೊರಕೆ ಆಗತ್ತೆ.

ಇನ್ನು ಕಟ್ಟೋದು. ಮರ ಆರಿಸೋವಾಗ ಮೇಲೆ ನೋಡಿ, ಒಣಗಿದ ಕೊಂಬೆ ಇದ್ರೆ ಬೇರೆ ಮರ, ಅಡಿಕೆ ತೋಟ ಆದ್ರೆ ಸೋಗೆ ಬೀಳೋ ಜಾಗ ಬಿಟ್ಟು. ಕಾಫಿ ತೋಟದಲ್ಲಿ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರ್ತಾರೆ, ಆ ಮರಕ್ಕೆ ಹಗ್ಗ ಸುತ್ತಲೇಬೇಡಿ, 2-3 ಮಿ.ಮೀ. ಹಗ್ಗ ಬಿಗಿದ್ರೆ ಬಳ್ಳಿ ಗಿಣ್ಣಿನ ಹತ್ರ ದಾರದಿಂದ ಬೆಣ್ಣೆ ಕೊಯ್ದ ಹಾಗೆ ಕೊಯ್ಯತ್ತೆ, ಅದು ಆ ಮನೆಯವರ ವರ್ಷದ ಫಸಲು. ಬರೀ ಮರಕ್ಕೂ ತೊಗಟೆ ಗಾಯ ಆಗ್ದೆ ಇರ್ಲಿ ಅಂತ ನಾನು ಹಳೇ ಬ್ಯಾಗಿನ ಅಗಲ ಪಟ್ಟಿ ಎರಡು ಇಟ್ಕೊಂಡಿದೀನಿ, ಮಧ್ಯೆ ಕೊಡ್ತೀನಿ.

ಒಂದು ಮರಕ್ಕೆ ಬೋಲೈನ್ ಗಂಟು. ಉದ್ದ ಹಗ್ಗದಲ್ಲಿ ಒಂದು ಸಣ್ಣ ಕುಣಿಕೆ ಮಾಡಿ, ಮರ ಸುತ್ತಿ ಬಂದ ತುದಿಯನ್ನ ಆ ಕುಣಿಕೆ ಕೆಳಗಿಂದ ಮೇಲೆ ತಂದು, ಉದ್ದ ಹಗ್ಗದ ಹಿಂದೆ ಬಳಸಿ, ಅದೇ ಕುಣಿಕೆಯೊಳಗೆ ವಾಪಸ್ ಇಳಿಸಿ ಎಳೀರಿ. ಎಷ್ಟು ಭಾರ ಬಿದ್ರೂ ಕಗ್ಗಂಟಾಗಲ್ಲ, ಉದ್ದ ಹಗ್ಗದ ಹಿಂದೆ ಬಳಸಿದ ಮಡಿಕೆಯನ್ನ ಹೆಬ್ಬೆರಳಲ್ಲಿ ಹಿಂದಕ್ಕೆ ತಳ್ಳಿದ್ರೆ ಬಿಚ್ಕೊಳ್ಳತ್ತೆ. ಆದ್ರೆ ಜಾರೋ ಹಗ್ಗದಲ್ಲಿ ಬಿಗಿ ತಪ್ಪಿ ಅಲ್ಲಾಡ್ತಾ ಇದ್ರೆ ತಾನೇ ಕಳಚ್ಕೊಳ್ಳೋದೂ ಉಂಟು, ಅದಕ್ಕೆ ತುದಿ ಒಂದು ಗೇಣು ಉದ್ದ ಬಿಟ್ಟು ಅದನ್ನ ಪಕ್ಕದ ಎಳೆಗೆ ಒಂದು ಅರೆಗಂಟು (ಒಂದು ಸುತ್ತು ಸುತ್ತಿ ಆ ಸುತ್ತಿನೊಳಗೇ ತುದಿ ತೂರಿಸೋದು) ಹಾಕಿ.

ಇನ್ನೊಂದು ಮರಕ್ಕೆ ಲಾರಿ ಗಂಟು, ಟ್ರಕ್ಕರ್ಸ್ ಹಿಚ್. ಹುಲ್ಲಿನ ಲಾರಿ ಮೇಲೆ, ತಾಡಪತ್ರಿ ಹೊದಿಸಿದ ಮೂಟೆ ಲೋಡಿನ ಮೇಲೆ ಕ್ಲೀನರ್ ಹುಡುಗ ಹಗ್ಗಕ್ಕೆ ಜೋತುಬಿದ್ದು ಬಿಗಿಯೋದನ್ನ ನೋಡಿರ್ತೀರಿ, ಅದೇ. ಮರದಿಂದ ಒಂದು ಮೀಟರ್ ಮೊದಲೇ ಹಗ್ಗದಲ್ಲಿ ಒಂದು ಸರಗುಣಿಕೆ (ಒಂದು ಕಡೆ ಎಳೆದ್ರೆ ಬಿಚ್ಕೊಳ್ಳೋ ಕುಣಿಕೆ) ಹಾಕಿ, ತುದಿಯನ್ನ ಮರ ಸುತ್ತಿಸಿ ತಂದು ಆ ಕುಣಿಕೆಯೊಳಗೆ ತೂರಿಸಿ ಮರದ ಕಡೆಗೇ ಎಳೀರಿ. ರಾಟೆ ಹಾಕಿದ ಹಾಗೆ, ಲೆಕ್ಕದಲ್ಲಿ ಮೂರರಷ್ಟು ಬಲ, ಹಗ್ಗ ಹಗ್ಗ ಉಜ್ಜೋದ್ರಿಂದ ನಿಜಕ್ಕೂ ಸಿಗೋದು ಅದಕ್ಕಿಂತ ಸಾಕಷ್ಟು ಕಮ್ಮಿ, ಆದ್ರೂ ಬರೀ ಕೈಯಲ್ಲಿ ಆಗೋದಕ್ಕಿಂತ ಎಷ್ಟೋ ವಾಸಿ. ಕುಣಿಕೆ ಹಾಕಿದ ತಕ್ಷಣ ರಿಡ್ಜ್‌ಲೈನ್ ಕಡೆ ಹಗ್ಗ ಎಳೆದು ನೋಡಿ, ಕುಣಿಕೆ ಕುಗ್ತಾ ಇದ್ರೆ ಉಲ್ಟಾ ಹಾಕಿದೀರಿ ಅಂತ, ಬಿಚ್ಚಿ ಇನ್ನೊಂದು ಕಡೆಯ ಹಗ್ಗವನ್ನ ಮಡಚಿ ಹಾಕಿ. ಬಿಗಿದ್ಮೇಲೆ ಕುಣಿಕೆ ಹತ್ರ ಎರಡು ಬೆರಳಲ್ಲಿ ಅದುಮಿ ಹಿಡ್ಕೊಂಡೇ ಎರಡು ಅರೆಗಂಟು ಹಾಕ್ಬೇಕು, ಎರಡನೇದ್ರಲ್ಲಿ ತುದಿ ಪೂರ್ತಿ ತೂರಿಸ್ದೆ ಮಡಚಿ ತೂರಿಸಿ, ಚಡ್ಡಿ ಲಾಡಿ ಕಟ್ಟಿದ ಹಾಗೆ. ಬೆಳಿಗ್ಗೆ ಆ ತುದಿ ಎಳೆದ್ರೆ ಸರ್ರಂತ ಬರತ್ತೆ. ಈ ಮಡಚಿ ತೂರಿಸೋ ಅಭ್ಯಾಸ ಒಂದು ಬಂದ್ರೆ ಚಾಕು ಕೆಲಸ ಬಹುಪಾಲು ಕಮ್ಮಿ ಆಗತ್ತೆ.

ಟಾರ್ಪನ್ನ ರಿಡ್ಜ್‌ಲೈನ್‌ಗೆ ನೇರ ಕಟ್ಬೇಡಿ, ಎರಡು ಕಡೆ ಪ್ರುಸಿಕ್ ಗಂಟು ಹಾಕಿ ಅದಕ್ಕೆ ಕಟ್ಟಿ. ಅರ್ಧ ಮೀಟರ್ ದಾರದ ಎರಡೂ ತುದಿ ಸೇರಿಸಿ ಗಂಟು ಹಾಕಿ ಬಳೆ ಥರ ಮಾಡ್ಕೊಳ್ಳಿ, ಆ ಬಳೆಯನ್ನ ಹಗ್ಗದ ಮೇಲೆ ತನ್ನೊಳಗೆ ತಾನೇ ಮೂರು ಸುತ್ತು ತೂರಿಸಿ, ಸುತ್ತುಗಳು ಒಂದರ ಮೇಲೊಂದು ಹತ್ತದ ಹಾಗೆ ಸಾಲಾಗಿ ಜೋಡಿಸಿ. ಸಡಿಲ ಇದ್ದಾಗ ಕೈಯಲ್ಲಿ ತಳ್ಳಿದ್ರೆ ಸರಿಯತ್ತೆ, ಟಾರ್ಪ್ ಎಳೆದ್ರೆ ಕಚ್ಕೊಳ್ಳತ್ತೆ. ಬಳೆ ದಾರ ಮುಖ್ಯ ಹಗ್ಗಕ್ಕಿಂತ ತೆಳುವಾಗಿರ್ಬೇಕು, 3 ಮಿ.ಮೀ. ಮೇಲೆ 2 ಮಿ.ಮೀ., ಎರಡೂ ಒಂದೇ ದಪ್ಪ ಆದ್ರೆ ಸರಿಯಾಗಿ ಹಿಡಿಯಲ್ಲ. ಜಾರಿದ್ರೆ ನಾಲ್ಕನೇ ಸುತ್ತು.

ಮೂಲೆಗಳಿಗೆ ಟಾಟ್‌ಲೈನ್ ಗಂಟು. ಹಗ್ಗ ಗೂಟ ಬಳಸಿ ಬಂತಾ, ತುದಿಯನ್ನ ಉದ್ದ ಹಗ್ಗಕ್ಕೆ ಒಳಗಡೆಯಿಂದ ಎರಡು ಸುತ್ತು ಗೂಟದ ಕಡೆಗೆ ಸುತ್ತಿ, ಆಮೇಲೆ ಆ ಸುತ್ತುಗಳ ಮೇಲ್ಗಡೆ, ಟಾರ್ಪ್ ಕಡೆಗೆ, ಅದೇ ದಿಕ್ಕಲ್ಲಿ ಇನ್ನೊಂದು ಸುತ್ತು ಹಾಕಿ ತೂರಿಸಿ ಎಳೀರಿ. ಗಂಟನ್ನ ಹಿಡ್ದು ಮೇಲೆ ಸರಿಸಿದ್ರೆ ಬಿಗಿ, ಕೆಳಗೆ ಸರಿಸಿದ್ರೆ ಸಡಿಲ, ಗೂಟ ಮುಟ್ಟೋದೇ ಬೇಡ. 2 ಮಿ.ಮೀ. ಹಗ್ಗದಲ್ಲಿ ಒಳಗಿನ ಸುತ್ತು ಮೂರು ಮಾಡಿ, ನಂಗೆ ಎರಡೇ ಸುತ್ತಲ್ಲಿ ಗಾಳಿ ಬಂದಾಗ ಜಾರಿದ್ದಿದೆ. ತೀರಾ ಸಣ್ಣ ಡೈನೀಮಾ ಆದ್ರೆ ಈ ಗಂಟನ್ನ ನಂಬಬೇಡಿ, ಲೈನ್‌ಲಾಕ್ ಅಂತ ಪ್ಲಾಸ್ಟಿಕ್ ಬಿಲ್ಲೆ ಸಿಗತ್ತೆ, ಅದೇ ಸರಿ. ಮಳೆಗಾಲದ ಮೆತ್ತನೆ ಮಣ್ಣಲ್ಲಿ ಸಣ್ಣ ಗೂಟ ನಿಲ್ಲಲ್ಲ, ಉದ್ದದ್ದು ಹಾಕಿ ಮೇಲೊಂದು ಕಲ್ಲು ಇಡಿ.

ಟಾರ್ಪಿನ ಮೂಲೆ ಕಣ್ಣು (ಹಗ್ಗ ತೂರಿಸೋ ತೂತಿನ ಬಳೆ) ಕಿತ್ತು ಬಂದ್ರೆ ಗಾಬರಿ ಬೇಡ. ಗೋಲಿ ಗಾತ್ರದ ನುಣುಪು ಕಲ್ಲನ್ನ ಮೂಲೆ ಬಟ್ಟೇಲಿ ಸುತ್ತಿ ಅದರ ಕುತ್ತಿಗೆಗೆ ಹಗ್ಗ ಬಿಗೀರಿ, ಅಮ್ಮಂದಿರು ಸೆರಗಿನ ತುದೀಲಿ ಚಿಲ್ಲರೆ ಕಟ್ತಿದ್ರಲ್ಲ ಹಾಗೆ. ಎರಡು ಹಗ್ಗ ಜೋಡಿಸ್ಬೇಕಾದ್ರೆ ಶೀಟ್ ಬೆಂಡ್, ಮಗ್ಗದಲ್ಲಿ ಎಳೆ ತುಂಡಾದಾಗ ನೇಕಾರರು ಹಾಕೋ ಗಂಟಿನ ರಚನೆಯೂ ಇದೇ. ದಪ್ಪ ಹಗ್ಗವನ್ನ ಮಡಚಿ, ತೆಳು ಹಗ್ಗದ ತುದಿಯನ್ನ ಆ ಮಡಿಕೆಯೊಳಗಿಂದ ತಂದು ಹಿಂದೆ ಬಳಸಿ ತನ್ನ ಕೆಳಗೇ ಸಿಕ್ಕಿಸೋದು, ಜಾರೋ ಹಗ್ಗಕ್ಕೆ ಎರಡು ಸಲ ಬಳಸಿ.

ಇಷ್ಟೆಲ್ಲ ಆದ್ಮೇಲೂ ಒಳಗೆ ನೀರು ಬರೋ ಒಂದು ದಾರಿ ಇದೆ, ಹಗ್ಗವೇ. ಮರದ ಮೇಲಿಂದ ಇಳಿದ ನೀರು ರಿಡ್ಜ್‌ಲೈನ್ ಹಿಡ್ಕೊಂಡು ಟಾರ್ಪ್ ಕೆಳಗೆ ಬಂದು ಸರಿಯಾಗಿ ತಲೆ ಮೇಲೆ ತೊಟ್ಟಿಕ್ಕತ್ತೆ. ಟಾರ್ಪ್ ಅಂಚಿಗಿಂತ ನಾಲ್ಕು ಬೆರಳು ಹೊರಗೆ ಒಂದು ತುಂಡು ನೂಲಿನ ದಾರ ಕಟ್ಟಿ ಇಳಿಬಿಡಿ, ನೀರು ಅಲ್ಲೇ ದಾರ ಹಿಡ್ದು ಕೆಳಗೆ ಇಳಿಯತ್ತೆ. ಮಳೇಲಿ ಕೂತ್ಕೊಂಡು ಹನಿ ಆ ದಾರದ ಹತ್ರ ಬಂದು ತಿರುಗೋದನ್ನ ನೋಡೋದೇ ಒಂದು ಖುಷಿ.

ಹೊರಡೋಕೆ ಒಂದು ವಾರ ಮುಂಚೆ ಕಿಟಕಿ ಗ್ರಿಲ್‌ಗೆ ಈ ಗಂಟುಗಳನ್ನ ಹಾಕಿ ಬಿಚ್ಚಿ ಹಾಕಿ ಬಿಚ್ಚಿ, ಆಮೇಲೆ ಹಗ್ಗ ಒದ್ದೆ ಮಾಡ್ಕೊಂಡು, ಲೈಟ್ ಆಫ್ ಮಾಡ್ಕೊಂಡು ಹಾಕಿ ನೋಡಿ. ವಾಪಸ್ ಬಂದ್ಮೇಲೆ ಹಗ್ಗವನ್ನ ನೆರಳಲ್ಲಿ ಒಣಗಿಸಿ. ಮೊಣಕೈಗೆ ಸುತ್ತಿ ಇಡ್ಬೇಡಿ, ಮುಂದಿನ ಸಲ ಸಿಕ್ಕು ಸಿಕ್ಕಾಗಿ ಬರತ್ತೆ, ಹೆಬ್ಬೆರಳು ಕಿರುಬೆರಳ ಮಧ್ಯೆ ಎಂಟರ ಆಕಾರದಲ್ಲಿ ಸುತ್ತಿ, ಕೊನೆ ಒಂದು ಗೇಣನ್ನ ನಡುವಿಗೆ ಬಳಸಿ ಸಿಕ್ಕಿಸಿ.