ಕೆಂಪು ಗಾಜಿನಲ್ಲಿ ಚಿನ್ನದ ಸಿಂಹ

ಇಂಗ್ಲೆಂಡಿನ ಸಾಮರ್ಸೆಟ್‌ನ ಮಾಂಟಕ್ಯೂಟ್ ಹೌಸ್ ಎಂಬ ಬಂಗಲೆ ಕಟ್ಟಿಸಿದ ಎಡ್ವರ್ಡ್ ಫೆಲಿಪ್ಸ್ ವೃತ್ತಿಯಲ್ಲಿ ವಕೀಲ, ಮುಂದೆ 1604ರಲ್ಲಿ ಕಾಮನ್ಸ್ ಸಭೆಯ ಸ್ಪೀಕರ್ ಆದವನು. ಮಹಡಿಯ ದೊಡ್ಡ ಕೋಣೆಯ ಕಿಟಕಿಯಲ್ಲಿ ತನ್ನ ಮನೆತನದ ಲಾಂಛನದ ಜೊತೆಗೆ ರಾಣಿ ಮೊದಲನೇ ಎಲಿಜಬೆತ್‌ಳ ಮತ್ತು ಆಸ್ಥಾನದ ಪ್ರಮುಖರ ಲಾಂಛನಗಳನ್ನೂ ಬಣ್ಣದ ಗಾಜಿನಲ್ಲಿ ಕೂರಿಸಿದ. ಯಜಮಾನನಿಗೆ ಯಾರ ಯಾರ ಬೆಂಬಲವಿದೆ ಎಂಬುದು ಬಂದ ಅತಿಥಿಗೆ ತಲೆಯೆತ್ತಿದರೆ ಸಾಕು, ತಿಳಿಯಬೇಕಿತ್ತು.

ಇಂಗ್ಲೆಂಡಿನಲ್ಲಿ ಗಾಜಿನ ಕೆಲಸ ಕಲಿಯುತ್ತಿದ್ದಾಗ ನನಗೂ ರಾಜಲಾಂಛನದ ಒಂದು ಭಾಗವನ್ನು ಮಾಡಿ ನೋಡಬೇಕೆನಿಸಿತು: ಕೆಂಪು ಹಿನ್ನೆಲೆಯಲ್ಲಿ ನಡೆಯುತ್ತಿರುವ ಮೂರು ಚಿನ್ನದ ಸಿಂಹಗಳು. ಸಾಮಾನ್ಯವಾಗಿ ಬಣ್ಣ ಬದಲಾದಲ್ಲೆಲ್ಲ ಗಾಜನ್ನು ಕತ್ತರಿಸಿ ನಡುವೆ ಸೀಸದ ಪಟ್ಟಿ ಹಾಕಬೇಕು. ಲಾಂಛನದ ಅಂಗೈಯಗಲದ ಗುರಾಣಿಯಾಕಾರದಲ್ಲಿ ಹಾಗೆ ಮಾಡಿದರೆ ಸಿಂಹಕ್ಕಿಂತ ಸೀಸವೇ ಹೆಚ್ಚಾಗುತ್ತದೆ.

ದಾರಿ ಇರುವುದು ಕೆಂಪು ಗಾಜಿನಲ್ಲೇ. ಒಂದು ತುಂಡಿನ ಅಂಚನ್ನು ಬೆಳಕಿಗೆ ಹಿಡಿಯಿರಿ. ಗಾಜೆಲ್ಲ ಬಣ್ಣವಿಲ್ಲದ ಬಿಳುಪು, ಒಂದು ಮೈಯಲ್ಲಿ ಮಾತ್ರ ಕೂದಲೆಳೆಯಷ್ಟು ಕೆಂಪು. ಪೂರ್ತಿ ದಪ್ಪಕ್ಕೂ ಕೆಂಪಾಗಿದ್ದರೆ ಕಪ್ಪಾಗಿಯೇ ಕಾಣುತ್ತಿತ್ತು. ಆ ತೆಳುಪದರವನ್ನು ಸಿಂಹದ ಆಕಾರದಲ್ಲಿ ತೆಗೆದರೆ ಬಿಳಿ ಸಿಂಹ ಸಿಗುತ್ತದೆ. ಹಳಬರು ಕುರಂದ ಎಂಬ ಗಟ್ಟಿ ಕಲ್ಲಿನ ಪುಡಿಯಿಂದ ಉಜ್ಜುತ್ತಿದ್ದರು. ಈಗ ಹೈಡ್ರೋಫ್ಲೋರಿಕ್ ಆಮ್ಲ ಬಳಸುವವರಿದ್ದಾರೆ. ಚರ್ಮ ದಾಟಿ ಮೂಳೆಯವರೆಗೆ ಇಳಿಯುವ ಆ ವಿಷವನ್ನು ನಾನು ಮುಟ್ಟುವುದಿಲ್ಲ. ವಜ್ರದ ತುದಿಯ ಸಣ್ಣ ಡ್ರಿಲ್ಲನ್ನು ನೀರು ಹನಿಸುತ್ತಾ ಓಡಿಸುತ್ತೇನೆ. ಬಾಲದ ಸುರುಳಿ ಬಂದಾಗ ಉಸಿರು ಬಿಗಿಹಿಡಿಯುವಂತಾಗುತ್ತದೆ.

ಕಣ್ಣು, ಕೇಸರ, ಉಗುರುಗಳನ್ನು ಅದೇ ಮೈಯಲ್ಲಿ ಕಪ್ಪು ಗಾಜುಬಣ್ಣದಿಂದ ಬರೆದು ಕುಲುಮೆಯಲ್ಲಿ ಸುಟ್ಟೆ. ಮುಖ ಮಾತ್ರ ನೋಡುವವರ ಕಡೆಗೆ ತಿರುಗಿರಬೇಕು. ಮೈಯನ್ನು ನಮ್ಮ ಎಡಕ್ಕೆ ನಡೆಸಬೇಕು.

ಚಿನ್ನ ಬರುವುದು ಬೆಳ್ಳಿಯಿಂದ. ಬೆಳ್ಳಿಯ ಲವಣವನ್ನು ಕಾವಿಮಣ್ಣಿನಲ್ಲಿ ಕಲಸಿ ಗಾಜಿನ ಹಿಂಬದಿಗೆ ಬಳಿದು, ಮೊದಲಿಗಿಂತ ಕಡಿಮೆ ಶಾಖದಲ್ಲಿ, 600 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಮತ್ತೊಮ್ಮೆ ಸುಡಬೇಕು. ಬೆಳ್ಳಿ ಗಾಜಿನೊಳಕ್ಕೇ ಇಳಿಯುತ್ತದೆ. ಲೇಪ ಗೆರೆ ದಾಟಿದರೂ ಚಿಂತೆಯಿಲ್ಲ: ಕೆಂಪಿನ ಹಿಂದಿನ ಹಳದಿ ಹೆಚ್ಚು ಕಾಣುವುದಿಲ್ಲ. ಕುಲುಮೆಯಿಂದ ತೆಗೆದಾಗ ಕಾಣುವುದು ಬರೀ ಒಣಮಣ್ಣು. ಒದ್ದೆ ಬಟ್ಟೆಯಿಂದ ಒರೆಸಿದಂತೆ ಕೆಳಗಿನಿಂದ ಹಳದಿ ಮೇಲೇಳುತ್ತದೆ. ಅದು ನಿಂಬೆಯ ಬಣ್ಣವೋ ಜೇನಿನ ಬಣ್ಣವೋ ಎಂಬುದು ಗಾಜಿನ ಗುಣ ಮತ್ತು ಶಾಖವನ್ನು ಅವಲಂಬಿಸಿದೆ. ಆದ್ದರಿಂದ ಅದೇ ಹಾಳೆಯ ಚೂರೊಂದನ್ನು ಮೊದಲು ಸುಟ್ಟು ನೋಡುವುದು ಒಳ್ಳೆಯದು.

ಮುಂದೆ ಸೀಸದ ಪಟ್ಟಿ ಕಟ್ಟುವುದು, ಬೆಸುಗೆ, ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿಯ ಗಾರೆ ತುಂಬುವುದು ಎಲ್ಲ ಕಿಟಕಿಗಳಿಗೂ ಒಂದೇ.

ಕೂರಿಸುವಾಗ ಕಪ್ಪು ಗೆರೆಗಳ ಮೈ ಕೋಣೆಯ ಒಳಕ್ಕಿರಬೇಕು. ಹಳೆಯ ಬಂಗಲೆಯಲ್ಲಿ ಬಲಕ್ಕೆ ನಡೆಯುವ ಸಿಂಹ ಕಂಡರೆ ನಾನು ಮೊದಲು ಗೆರೆಗಳು ಯಾವ ಮೈಯಲ್ಲಿವೆ ಎಂದು ನೋಡುತ್ತೇನೆ. ಅವು ಹೊರಗಡೆ ಇದ್ದರೆ, ರಿಪೇರಿಗೆ ಇಳಿಸಿದವರು ಫಲಕವನ್ನು ತಿರುಗುಮುರುಗಾಗಿ ಏರಿಸಿರಬೇಕು.